ನಿಮ್ಮ ಪಿನ್‌ಕೋಡ್‌ನಲ್ಲಿ 9 ಅಡಗಿದೆಯೇ? ಎಲ್ಲರದರಲ್ಲೂ ಇದೆ!

‘ಪಿನ್‌ಕೋಡ್‌ನಿಂದ ಅದರ ಅಂಕಿಗಳ ಮೊತ್ತ ಕಳೆಯಿರಿ. ಉತ್ತರ 9ರಿಂದ ಭಾಗವಾದರೆ ನಿಮ್ಮದು ಅದೃಷ್ಟದ ಊರು.’ ಇಂಥ ಫಾರ್ವರ್ಡ್ ಬಂದರೆ ಮುಂದೆ ಕಳಿಸುವ ಮೊದಲು ಪಕ್ಕದೂರಿನ ಲೆಕ್ಕವನ್ನೂ ಮಾಡಿ ನೋಡಿ.

ಗೋಕಾಕ 591307. ಅಂಕಿಗಳ ಮೊತ್ತ 25, ಕಳೆದರೆ 591282. ಅಂದರೆ 65698ರ ಒಂಬತ್ತು ಪಟ್ಟು. ಮೂಡಲಗಿ 591312: ಮೊತ್ತ 21 ಕಳೆದರೆ 591291, ಅದೂ ಭಾಗವಾಗುತ್ತದೆ. ಹುಕ್ಕೇರಿಯದು (591309) ಇನ್ನೂ ಮಜಾ. 27 ಕಳೆದರೆ ಗೋಕಾಕದ್ದೇ ಉತ್ತರ, 591282!

ಇದು ಪವಾಡವಲ್ಲ. 591307ರ ಮೊದಲ 5 ಎಂದರೆ ಐದು ಲಕ್ಷ. ಒಂದು ಲಕ್ಷವೆಂದರೆ 99999 ಮತ್ತು 1. ಐದು ಲಕ್ಷದಿಂದ 5 ತೆಗೆದರೆ ಉಳಿಯುವುದು 99999ರ ಐದು ಪಟ್ಟು, ಬರೀ ಒಂಬತ್ತುಗಳ ರಾಶಿ. ಸಾವಿರ, ನೂರು, ಹತ್ತರ ಸ್ಥಾನಕ್ಕೂ ಇದೇ ಕಥೆ. ಸಂಖ್ಯೆ ಎಷ್ಟೇ ದೊಡ್ಡದಿರಲಿ, ತಪ್ಪುವುದಿಲ್ಲ.

ಅಂಕಿ ಕೂಡಿಸಿ 9 ತೋರಿಸಿ ‘ಲಕ್ಕಿ’ ಮೊಬೈಲ್ ನಂಬರ್‌ಗೆ ದುಡ್ಡು ಕೇಳುವವರಿದ್ದಾರೆ. ನಂಬರಿನ ಎರಡು ಅಂಕಿ ಅದಲುಬದಲಾದರೂ ಮೊತ್ತ ಅಷ್ಟೇ ಇರುತ್ತದೆ. ಯುಪಿಐ ದುಡ್ಡು ಮಾತ್ರ ಬೇರೆಯವರಿಗೆ ಹೋಗುತ್ತದೆ! ಇಂಥ ತಪ್ಪು ಹಿಡಿಯಲೆಂದೇ ಆಧಾರ್‌ನಲ್ಲಿ 12ನೇ ಅಂಕಿ ಇದೆ. ಮೊಬೈಲ್ ನಂಬರ್‌ಗೆ ಆ ಕಾವಲು ಇಲ್ಲ, ಹಾಗಾಗಿ ಕಳಿಸುವ ಮುನ್ನ ಪರದೆಯಲ್ಲಿ ಬರುವ ಹೆಸರು ಓದಿ.