ಹೊಟ್ಟೆಯ ಬಣ್ಣವೂ ಫೋಟೊದಲ್ಲಿ ಬರಲಿ

ಕರಿಬೇವಿನ ಗಿಡವಿರುವ ಹಿತ್ತಿಲಿಗೆ ಹುಡುಕಿಕೊಂಡು ಬರುವ ದೊಡ್ಡ ಕಪ್ಪು ಚಿಟ್ಟೆ ಕಾಮನ್ ಮಾರ್ಮನ್. ಗಂಡುಗಳೆಲ್ಲ ಒಂದೇ ತರಹ: ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆಗಳ ಸಾಲು. ಹೆಣ್ಣುಗಳು ಮಾತ್ರ ಮೂರು ರೂಪಗಳಲ್ಲಿ ಸಿಗುತ್ತವೆ. ಒಂದು ಗಂಡಿನ ಹಾಗೆಯೇ ಇರುತ್ತದೆ. ಇನ್ನೊಂದು ಕಾಮನ್ ರೋಸ್ ಎಂಬ ಬೇರೊಂದು ಚಿಟ್ಟೆಯ ಸೋಗು ಹಾಕಿರುತ್ತದೆ, ಮೂರನೆಯದು ಕ್ರಿಮ್ಸನ್ ರೋಸ್‌ನದು. ನಿಸರ್ಗ ನಡಿಗೆಗೆ ಹೋದವರು ತೆಗೆದ ಫೋಟೊಗಳಲ್ಲಿ ಈ ಎರಡನೆಯ ರೂಪದ ಹೆಣ್ಣು ‘ಕಾಮನ್ ರೋಸ್’ ಎಂಬ ಹೆಸರು ಹೊತ್ತು ಕೂತಿರುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಬಣ್ಣದ ರೆಕ್ಕೆಯನ್ನಷ್ಟೇ ಚೌಕಟ್ಟಿನ ತುಂಬ ಹಿಡಿದರೆ ಹಾಗಾಗುವುದು ಸಹಜ. ವ್ಯತ್ಯಾಸ ಇರುವುದು ಮೈಯಲ್ಲಿ. ರೋಸ್ ಚಿಟ್ಟೆಯ ತಲೆ, ಹೊಟ್ಟೆ ಕಡುಗೆಂಪು. ಮಾರ್ಮನ್ ರೆಕ್ಕೆಯ ಮೇಲೆ ಕೆಂಪು ಮಚ್ಚೆಗಳನ್ನು ತಂದುಕೊಂಡಿದೆ, ಮೈ ಮಾತ್ರ ಕಪ್ಪಾಗಿಯೇ ಉಳಿದಿದೆ.

ಈ ಸೋಗಿನ ಹಿಂದೆ ಊಟದ ಕಥೆಯಿದೆ. ರೋಸ್‌ನ ಮರಿಹುಳು ತಿಂದು ಬೆಳೆಯುವುದು ಈಶ್ವರಿ ಬಳ್ಳಿಯ ಎಲೆಯನ್ನು. ಬಳ್ಳಿಯ ವಿಷ ಹುಳುವಿನ ಮೈಯಲ್ಲಿ ಶೇಖರವಾಗಿ ಚಿಟ್ಟೆಗೂ ದಾಟುತ್ತದೆ. ಒಮ್ಮೆ ಬಾಯಿ ಹಾಕಿ ಬುದ್ಧಿ ಕಲಿತ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಕರಿಬೇವು, ನಿಂಬೆ ಎಲೆ ತಿಂದು ಬೆಳೆದ ಮಾರ್ಮನ್‌ಗೆ ಅಂಥ ವಿಷದ ಕಾವಲಿಲ್ಲ, ಬಣ್ಣದ ಕಾವಲು ಮಾತ್ರ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದಂತೆ, ಹೆಣ್ಣು ಯಾವ ರೂಪ ತಾಳಬೇಕೆಂಬುದನ್ನು ನಿರ್ಧರಿಸುವುದು ‘ಡಬಲ್‌ಸೆಕ್ಸ್’ ಎಂಬ ಒಂದೇ ಜೀನ್. ಕೀಟಗಳಲ್ಲಿ ಗಂಡು ಹೆಣ್ಣಿನ ದೇಹಲಕ್ಷಣ ರೂಪಿಸುವ ಜೀನೂ ಅದೇ. ಇಂಥ ಅದ್ಭುತ ಕರಿಬೇವಿನ ಗಿಡದ ಸುತ್ತ ಹಾರಾಡುತ್ತಿದೆ ಎಂಬುದು ನನಗೆ ಇಂದಿಗೂ ರೋಮಾಂಚನದ ಸಂಗತಿ.

ಹಕ್ಕಿಗೆ ನಿಂತು ಪರಿಶೀಲಿಸಲು ಪುರುಸೊತ್ತಿಲ್ಲ. ಹಾರುವ ರೆಕ್ಕೆಯ ಬಣ್ಣ ನೋಡಿಯೇ ಅದು ತೀರ್ಮಾನಿಸಬೇಕು. ಕ್ಯಾಮೆರಾಗೆ ಆ ಅವಸರವಿಲ್ಲ, ಹಕ್ಕಿಗೆ ದಕ್ಕದ ಹೊಟ್ಟೆಯ ಬಣ್ಣ ಅದಕ್ಕೆ ದಕ್ಕುತ್ತದೆ. ಆದ್ದರಿಂದ ರೆಕ್ಕೆ ಬಿಚ್ಚಿದ ಚಂದದ ಫೋಟೊ ಒಂದಾದರೆ, ಬದಿಯಿಂದ ಮೈ ಕಾಣುವಂಥದ್ದು ಇನ್ನೊಂದು ಇರಲಿ. ಕೂತ ಗಿಡದ ಎಲೆಯನ್ನೂ ತೆಗೆಯಿರಿ. ಹೊಟ್ಟೆ ಬಾಗಿಸಿ ಕರಿಬೇವಿನ ಎಲೆಗೆ ಮೊಟ್ಟೆಯಿಡುತ್ತಿದ್ದರೆ, ರೆಕ್ಕೆ ಏನೇ ಹೇಳಲಿ, ಅದು ರೋಸ್ ಅಲ್ಲ.

ಮಾರ್ಮನ್ ಮಕರಂದ ಹೀರುವಾಗಲೂ ರೆಕ್ಕೆ ಬಡಿಯುತ್ತಲೇ ಇರುತ್ತದೆ. ಶಟರ್ ವೇಗ ಸೆಕೆಂಡಿನ 1/1000 ಭಾಗಕ್ಕಾದರೂ ಇರಬೇಕು. ಕೀಟದ ಕಣ್ಣು ಚಲನೆಯನ್ನು ಬಲು ಬೇಗ ಹಿಡಿಯುತ್ತದೆ, ಹಾಗಾಗಿ ಬಾಗಿ, ನಿಧಾನವಾಗಿ, ನಿಮ್ಮ ನೆರಳು ಅದರ ಮೇಲೆ ಬೀಳದಂತೆ ಹತ್ತಿರವಾಗಿ. ಮುಂಜಾನೆಯ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಕೀಟಗಳ ಮೈ ಬಿಸಿ ಸುತ್ತಲಿನ ಹವೆಯನ್ನು ನೆಚ್ಚಿರುವುದರಿಂದ, ಬಿಸಿಲೇರುವ ತನಕ ಹಾರುವ ಸ್ನಾಯುಗಳಿಗೆ ಕಸುವು ಬರುವುದಿಲ್ಲ. ಇದೇ ಕಾರಣಕ್ಕೆ ಕೆಲವರು ಕೀಟವನ್ನು ಹಿಡಿದು ಫ್ರಿಜ್‌ನಲ್ಲಿಟ್ಟು ಮರಗಟ್ಟಿಸಿ ಫೋಟೊ ತೆಗೆಯುತ್ತಾರೆ. ಅದು ಕ್ರೌರ್ಯ. ಚಳಿಗೆ ಸೆಟೆದ ಕಾಲುಗಳ ಆ ಚಿತ್ರದಲ್ಲಿ ಕೀಟದ ಬದುಕಿನ ಸುಳಿವೇ ಇರುವುದಿಲ್ಲ.

ಮ್ಯಾಕ್ರೊ ಲೆನ್ಸ್ ಇದ್ದವರು ಮಾವಿನ ಮರದಲ್ಲಿ ಚಗಳಿ ಇರುವೆಗಳ ಸಾಲನ್ನು ಹುಡುಕಬೇಕು. ಎಲೆ ಹೊಲಿದು ಗೂಡು ಕಟ್ಟುವ, ಕಚ್ಚಿದರೆ ಉರಿ ಹತ್ತಿಸುವ ಕೆಂಪಿರುವೆ ಇದು. ಅದರ ಆಸುಪಾಸಿನಲ್ಲೇ ಅದೇ ಬಣ್ಣದ, ಅಷ್ಟೇ ಸಣ್ಣ ನಡುವಿನ ಒಂದು ಜೇಡವಿರುತ್ತದೆ. ಮುಂದಿನ ಎರಡು ಕಾಲುಗಳನ್ನೆತ್ತಿ ಇರುವೆಯ ಮೀಸೆಯಂತೆ ಆಡಿಸುತ್ತ ನಡೆಯುತ್ತದೆ. ಗಂಡು ಜೇಡದ ಉದ್ದನೆಯ ದವಡೆಗಳಂತೂ ಇರುವೆಯೊಂದು ಮತ್ತೊಂದನ್ನು ಕಚ್ಚಿ ಸಾಗಿಸುತ್ತಿರುವಂತೆ ತೋರುತ್ತವೆ. ಗುಟ್ಟು ರಟ್ಟಾಗುವುದು ಎದುರಿನಿಂದ ತೆಗೆದ ಫೋಟೊದಲ್ಲಿ: ನೇರ ನಮ್ಮನ್ನೇ ನೋಡುವ ಎರಡು ದೊಡ್ಡ ದುಂಡು ಕಣ್ಣುಗಳು. ಇರುವೆಯ ಕಣ್ಣುಗಳಿರುವುದು ತಲೆಯ ಎರಡು ಬದಿಗೆ. ಕಾಲು ಎಣಿಸಿದರೆ ಎಂಟು. ಅಲುಗಿದರೆ ಸಾಕು, ನೂಲು ಬಿಟ್ಟು ಕೆಳಕ್ಕೆ ಜಾರಿಬಿಡುತ್ತದೆ.

ಇಲ್ಲಿ ಬೆಳಕಿನ ನಿಯಮ ಅಡ್ಡ ಬರುತ್ತದೆ. ಒಂದು ಸೆಂ.ಮೀ. ಜೇಡ ಸೆನ್ಸರಿನ ಮೇಲೂ ಒಂದು ಸೆಂ.ಮೀ. ಆಗಿಯೇ ಮೂಡುವಷ್ಟು ಹತ್ತಿರ ಹೋದಾಗ, ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಎಫ್/8 ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಒಂದು ಮಿ.ಮೀ. ಮಾತ್ರ. ಕಣ್ಣಿಗೆ ಫೋಕಸ್ ಸಿಕ್ಕರೆ ಹೊಟ್ಟೆ ಮಸುಕು. ಅಪರ್ಚರನ್ನು ಎಫ್/22ಕ್ಕೆ ಕಿರಿದು ಮಾಡಿದರೆ ಆಳ ಹೆಚ್ಚುತ್ತದೆ, ಆದರೆ ಅಷ್ಟು ಸಣ್ಣ ಕಿಂಡಿಯಲ್ಲಿ ನುಸುಳುವ ಬೆಳಕು ಹರಡಿಕೊಂಡು ಇಡೀ ಚಿತ್ರ ಮಂಕಾಗುತ್ತದೆ. ಇದು ವಿವರ್ತನೆ. ಎಷ್ಟೇ ದುಬಾರಿ ಲೆನ್ಸಿಗೂ ಇದರಿಂದ ಬಿಡುಗಡೆಯಿಲ್ಲ. ಎಫ್/11ರ ಆಸುಪಾಸಿನಲ್ಲಿ ನಿಂತು, ಬೇರೆ ಬೇರೆ ಕೋನದಿಂದ ಹಲವು ಫೋಟೊ ತೆಗೆಯುವುದೇ ದಾರಿ. ಫ್ಲ್ಯಾಶ್‌ನ ಮುಂದೆ ಬಿಳಿ ಕಾಗದ ಕಟ್ಟಿದರೆ ಮೈಯ ಹೊಳಪು ಕಣ್ಣು ಕುಕ್ಕುವುದಿಲ್ಲ. ಮೊಬೈಲಿನ ಪುಟ್ಟ ಸೆನ್ಸರಿಗೆ ಆಳ ತಾನಾಗಿಯೇ ಹೆಚ್ಚು, ಕ್ಲಿಪ್ ಲೆನ್ಸ್ ಹಾಕಿಕೊಂಡವರೂ ಧೈರ್ಯವಾಗಿ ಪ್ರಯತ್ನಿಸಬಹುದು.

ಫೋಟೊಗಳನ್ನು ಮೊಬೈಲಿನಲ್ಲೇ ಕೊಳೆಯಲು ಬಿಡಬೇಡಿ. ‘ಐನ್ಯಾಚುರಲಿಸ್ಟ್’ನಂಥ ಜಾಲತಾಣಕ್ಕೆ ಜಾಗ, ದಿನಾಂಕ ಸಮೇತ ಸೇರಿಸಿ. ಹೆಸರು ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ, ಬಲ್ಲವರು ನೋಡಿ ಸೂಚಿಸುತ್ತಾರೆ. ಅವರು ಮೊದಲು ಹುಡುಕುವುದು ಬದಿಯಿಂದ, ಎದುರಿನಿಂದ ತೆಗೆದ ಆ ಸಾದಾ ಫೋಟೊಗಳನ್ನೇ.