ಮರಿ ಸರಿ, ತಾಯಿ ಎಲ್ಲಿ?

2001ರ ಫೆಬ್ರುವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಅಲ್ಲಿಂದ ಮುಂದೆ ಕೆಜಿಎಫ್‌ನವರ ಅನ್ನದ ದಾರಿ ಮಾರಿಕುಪ್ಪಂ ರೈಲು. ನಸುಕಿಗೇ ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋದರೆ ಮನೆ ಸೇರುವುದು ಕತ್ತಲಾದ ಮೇಲೆ. ಇಂಥ ಊರಲ್ಲಿ ಯಾರಾದರೂ ಹಿತ್ತಲಲ್ಲಿ ಒಂದು ಲ್ಯಾಬ್ರಡಾರ್ ಹೆಣ್ಣು ಸಾಕಿ, ಕ್ರಾಸ್ ಮಾಡಿಸಿ, ಮರಿ ಮಾರಿ ನಾಲ್ಕು ಕಾಸು ನೋಡಲು ಹೊರಟರೆ ಅವರನ್ನು ಕಟುಕರೆನ್ನಲು ನನಗೆ ಮನಸ್ಸಿಲ್ಲ. ಆದರೆ ಆ ಹೆಣ್ಣಿನ ಪಾಡನ್ನೂ ವಿಚಾರಿಸಬೇಕಲ್ಲ!

ಹೆಣ್ಣು ನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಗರ್ಭ ಸುಮಾರು 63 ದಿನ. ಪ್ರತಿ ಬೆದೆಗೂ ಗಂಡು ಕೊಡಿಸಿದರೆ ವರ್ಷಕ್ಕೆ ಎರಡು ಸೂಲು. ಹೀಗೇ ನಡೆದರೆ ಮೊಲೆ ಜೋತು, ಪಕ್ಕೆಲುಬು ಎದ್ದು, ಮೈಕೂದಲು ಉದುರಿ, ತಟ್ಟೆ ಮುಂದಿಟ್ಟರೂ ಏಳಲಾರದೆ ಮಲಗಿರುತ್ತದೆ. ಮರಿಗಳನ್ನು ಐದನೇ ವಾರಕ್ಕೇ ರಟ್ಟಿನ ಪೆಟ್ಟಿಗೆಗೆ ತುಂಬಿ ಸಾಗಿಸುವವರಿದ್ದಾರೆ. ಆಗ ಗುಂಡುಗುಂಡಾಗಿ ಮುದ್ದಾಗಿರುತ್ತವೆ, ಲಸಿಕೆಯ ಖರ್ಚೂ ಮಾರುವವನ ತಲೆಗೆ ಬರುವುದಿಲ್ಲ. ಕೊಂಡವರ ಮನೆಯಲ್ಲಿ ವಾರ ತುಂಬುವ ಮೊದಲೇ ವಾಂತಿ, ರಕ್ತಭೇದಿ. ಡಾಕ್ಟರು 'ಪಾರ್ವೊ' ಎನ್ನುವ ಹೊತ್ತಿಗೆ ಮಾರಿದವನ ಫೋನ್ ಸ್ವಿಚ್ ಆಫ್.

ಇದಕ್ಕೆ ಕಾನೂನಿಲ್ಲವೇ? ಇದೆ. 2015ರಲ್ಲಿ ಕಾನೂನು ಆಯೋಗದ 261ನೇ ವರದಿ ಈ ವ್ಯಾಪಾರಕ್ಕೆ ಲಗಾಮು ಬೇಕೆಂದಿತು. 2017ರ ಮೇ ತಿಂಗಳಲ್ಲಿ ಕೇಂದ್ರದ ನಿಯಮ ಬಂತು. ಮರಿ ಹಾಕಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ 5,000 ರೂಪಾಯಿ ಕಟ್ಟಿ ನೋಂದಾಯಿಸಬೇಕು. ಅದು ಎರಡು ವರ್ಷಕ್ಕೆ. ಹೆಣ್ಣಿಗೆ 18 ತಿಂಗಳು ತುಂಬಿರಬೇಕು, ಎಂಟು ವರ್ಷ ಮೀರಿರಬಾರದು. ವರ್ಷಕ್ಕೆ ಒಂದೇ ಸೂಲು, ಜನ್ಮಕ್ಕೆ ಐದೇ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಅಂದಹಾಗೆ, 'ಪೇಪರ್ ಇದೆ ಸಾರ್' ಎಂದು ತೋರಿಸುವ ಕೆನಲ್ ಕ್ಲಬ್ ಪತ್ರ ಬರೀ ವಂಶಾವಳಿ. ಸರ್ಕಾರದ ನೋಂದಣಿ ಬೇರೆಯೇ.

ತೊಡಕಿರುವುದು ಇಲ್ಲೇ. ನೋಂದಾಯಿಸಿ, ಒಂದು ಬೆದೆ ಬಿಟ್ಟು, ಲಸಿಕೆ ಹಾಕಿಸಿ ಮಾರುವವನ ಮರಿ ತುಟ್ಟಿ. ಯಾವ ಪುಸ್ತಕದಲ್ಲೂ ಹೆಸರಿಲ್ಲದೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸುವವನದು ಅಗ್ಗ. ಅವನನ್ನು ಹಿಡಿದರೂ ಆಗುವುದೇನು? 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ದಂಡ 10ರಿಂದ 50 ರೂಪಾಯಿ! ಒಂದು ಬಿಸ್ಕತ್ತಿನ ಪೊಟ್ಟಣ ಅದಕ್ಕಿಂತ ದುಬಾರಿ.

2024ರ ಮಾರ್ಚ್‌ನಲ್ಲಿ ಕೇಂದ್ರ 23 ತಳಿಗಳನ್ನು 'ಅಪಾಯಕಾರಿ' ಎಂದು ಕರೆದು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ನಮ್ಮ ಹೈಕೋರ್ಟ್ ಏಪ್ರಿಲ್‌ನಲ್ಲೇ ಅದನ್ನು ರದ್ದುಮಾಡಿತು. ಸರಿಯಾದ ತೀರ್ಪು. ತಳಿಯನ್ನು ದೂರಿ ಫಲವಿಲ್ಲ, ಸಾಕುವ ರೀತಿ ನೋಡಬೇಕು. ಅಕ್ರಮ ಬ್ರೀಡಿಂಗ್‌ನ ನೋವು ತೋರಿಸಿದ '777 ಚಾರ್ಲಿ' ಚಿತ್ರಕ್ಕೆ 2022ರಲ್ಲಿ ರಾಜ್ಯ ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟಿತ್ತು. ಅತ್ತದ್ದು ಸಾಕು, ಈಗ ಕೆಲಸ ಆಗಲಿ. ಒಂದೆರಡು ನಾಯಿ ಸಾಕಿದವರಿಗೆ ಶುಲ್ಕ ಇಳಿಸಿ, ಬಂಗಾರಪೇಟೆಯ ಪಶು ಆಸ್ಪತ್ರೆಯಲ್ಲೇ ನೋಂದಣಿ ಮಾಡಿಸಿ, ರೇಬೀಸ್ ಲಸಿಕೆ ಹಾಕುವ ಡಾಕ್ಟರೇ ಸೂಲಿನ ಲೆಕ್ಕ ಬರೆದರೆ ಬಡವನೂ ನಿಯಮದೊಳಗೆ ಬರುತ್ತಾನೆ. ಕದ್ದು ನಡೆಸುವವನಿಗೆ ಮಾತ್ರ ದಂಡ ಸಾವಿರಗಳಲ್ಲಿರಲಿ.

ಅಷ್ಟರವರೆಗೆ, ಮರಿ ಕೊಳ್ಳಹೊರಟವರಲ್ಲಿ ಒಂದು ಮನವಿ. ಬಸ್ ಸ್ಟ್ಯಾಂಡಿನಲ್ಲಿ ಕೈಗಿತ್ತ ಮರಿಯನ್ನು ತೆಗೆದುಕೊಳ್ಳಬೇಡಿ. ಮನೆಗೇ ಹೋಗಿ ತಾಯಿಯನ್ನು ತೋರಿಸಿ ಎನ್ನಿ, ನೋಂದಣಿ ಪತ್ರ ಕೇಳಿ. ತೋರಿಸದಿದ್ದರೆ ಬರಿಗೈಲಿ ಹಿಂತಿರುಗಿ.