ನೀರಿಗಿಳಿಯುವ ಮಕ್ಕಳು, ದಡದಲ್ಲಿ ನಿಂತ ಹಿರಿಯರು

ಹಾಸನ ಸೀಮೆಯ ನಾವು ನೀರಿನ ಮಗ್ಗುಲಲ್ಲಿಯೇ ಬಾಳುವವರು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಂದಿನಿಂದ ಅದರ ಹಿನ್ನೀರು ಕಣ್ಣು ಹಾಯುವವರೆಗೆ ಹರಡಿ ನಿಂತಿದೆ. ಹೊಳೆನರಸೀಪುರದ ಹೆಸರಿನಲ್ಲಿಯೇ ಹೊಳೆಯಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ಹರಿಯುತ್ತಾಳೆ. ಚನ್ನರಾಯಪಟ್ಟಣದ ಕಡೆಯ ಹೊಲಗಳಿಗೆ ಹೇಮಾವತಿಯ ನಾಲೆ ನೀರುಣಿಸುತ್ತದೆ. ಇಷ್ಟಿದ್ದೂ ನಮ್ಮ ಮನೆಗಳ ಮಕ್ಕಳಲ್ಲಿ ಈಜು ಬಲ್ಲವರು ಎಷ್ಟು ಮಂದಿ? ಮಗು ಹೊಳೆಯ ಕಡೆ ಹೆಜ್ಜೆಯಿಟ್ಟರೆ ಮನೆಮಂದಿಯೆಲ್ಲ ಕೂಗಿಕೊಳ್ಳುತ್ತೇವೆ. ಬೇಸಗೆಯ ರಜೆ ಬಂತೆಂದರೆ ಕೆರೆ, ನಾಲೆಗಳಲ್ಲಿ ಮುಳುಗಿದ ಬಾಲಕರ ಸುದ್ದಿ ಪತ್ರಿಕೆಗಳಲ್ಲಿ ತಪ್ಪುವುದಿಲ್ಲ. ನಾವು ಮಕ್ಕಳಿಗೆ ಕೊಟ್ಟಿರುವುದು ನೀರಿನ ಭಯವನ್ನು. ಕೊಡದೆ ಉಳಿದಿರುವುದು ನೀರಿನ ವಿದ್ಯೆಯನ್ನು.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ನೀರಿನ ಮೇಲಿನ ಕ್ರೀಡೆಗಳು ಲೋಕದಲ್ಲಿ ದಿನದಿನಕ್ಕೆ ಹೊಸ ರೂಪ ತಾಳುತ್ತಿವೆ. ಅವುಗಳಲ್ಲಿ ತೀರ ಎಳೆಯದು ‘ವಿಂಗ್ ಫಾಯಿಲಿಂಗ್’. ಆಟಗಾರನು ಒಂದು ಹಲಗೆಯ ಮೇಲೆ ನಿಂತು, ಗಾಳಿ ತುಂಬಿದ ರೆಕ್ಕೆಯಂಥ ಹಾಯಿಯನ್ನು ಎರಡೂ ಕೈಗಳಿಂದ ಹಿಡಿದುಕೊಳ್ಳುತ್ತಾನೆ. ಆ ಹಾಯಿಯನ್ನು ಹಲಗೆಗೆ ಕಟ್ಟಿರುವುದಿಲ್ಲ. ಹಲಗೆಯ ಅಡಿಯಲ್ಲಿ, ನೀರಿನೊಳಗೆ, ವಿಮಾನದ ರೆಕ್ಕೆಯನ್ನು ಹೋಲುವ ‘ಫಾಯಿಲ್’ ಇರುತ್ತದೆ. ವೇಗ ಕೂಡಿದಂತೆ ಅದು ನೀರನ್ನು ಕೆಳಕ್ಕೆ ಒತ್ತಿ ಹಲಗೆಯನ್ನು ಮೇಲಕ್ಕೆತ್ತುತ್ತದೆ. ನೀರಿನ ಘರ್ಷಣೆ ತಗ್ಗುವುದರಿಂದ ವೇಗ ಇನ್ನೂ ಹೆಚ್ಚುತ್ತದೆ. ನೋಡುವವರಿಗೆ ಮನುಷ್ಯನು ನೀರನ್ನು ಮುಟ್ಟದೆಯೇ ಹಾರುತ್ತಿರುವಂತೆ ಕಾಣುತ್ತದೆ. ಇದೇ ತತ್ತ್ವದ ಮೇಲೆ ನಡೆಯುವ ಗಾಳಿಪಟದ ಹಾಯಿ ಪಂದ್ಯವು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರ್ಪಡೆಯಾಯಿತು.

ಇಂಥ ಕ್ರೀಡೆಯ ಅಂತರರಾಷ್ಟ್ರೀಯ ಕಣಕ್ಕೆ ಮೊದಲ ಬಾರಿ ಇಳಿಯುವವರ ಪಾಡೇನು? ಇದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಘಟ್ಟ ಇಳಿದರೆ ಸಾಕು. ಈ ಆಟದ ಅಕ್ಕನಂತಿರುವ ಇನ್ನೊಂದು ಆಟ ಮಂಗಳೂರಿನ ಸಮೀಪದ ಮೂಲ್ಕಿಯಲ್ಲಿ ಬೇರೂರಿದೆ. ಹಲಗೆಯ ಮೇಲೆ ನಿಂತು ಹುಟ್ಟು ಹಾಕುತ್ತ ಸಾಗುವ ಈ ಕ್ರೀಡೆಗೆ ‘ಸ್ಟ್ಯಾಂಡಪ್ ಪ್ಯಾಡ್ಲಿಂಗ್’ ಎಂದು ಹೆಸರು.

ಮೂಲ್ಕಿಯಲ್ಲಿ ಇದು ಬೇರೂರಿದ ಬಗೆಯೂ ವಿಶೇಷವಾದುದು. ಅಮೆರಿಕದಲ್ಲಿ ಹುಟ್ಟಿ, ವೈಷ್ಣವ ಸಂನ್ಯಾಸವನ್ನು ಸ್ವೀಕರಿಸಿದ ಜ್ಯಾಕ್ ಹೆಬ್ನರ್ ಎಂಬವರು ಅಲ್ಲಿ ಆಶ್ರಮ ಕಟ್ಟಿದರು. ಆ ಆಶ್ರಮದ ಆಶ್ರಯದಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಹುಟ್ಟಿತು. ಅಲೆಯಾಟದ ಸ್ವಾಮಿಯೆಂದೇ ಅವರು ಲೋಕದಲ್ಲಿ ಹೆಸರಾದರು. ಆಶ್ರಮಕ್ಕೂ ಅಲೆಯಾಟಕ್ಕೂ ಏನು ನಂಟು ಎಂದು ಕೆಲವರು ಕೇಳಬಹುದು. ನಸುಕಿನಲ್ಲಿ ಏಳುವುದು, ಮಿತವಾಗಿ ಉಣ್ಣುವುದು, ಗುರುವಿನ ಮಾತು ಮೀರದಿರುವುದು, ಬಿದ್ದಾಗ ಮತ್ತೆ ಏಳುವುದು ಇವೆರಡಕ್ಕೂ ಸಮಾನವಲ್ಲವೇ?

ಈ ಪರಿಸರದಲ್ಲಿ ಕಲಿತ ತನ್ವಿ ಜಗದೀಶ್ ಎಂಬ ಹುಡುಗಿ ಹದಿಹರೆಯದಲ್ಲಿಯೇ, 2016ರ ನವೆಂಬರ್‌ನಲ್ಲಿ, ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಭಾರತವನ್ನು ಪ್ರತಿನಿಧಿಸಿದರು. ಈ ಕ್ರೀಡೆಯಲ್ಲಿ ಸ್ಪರ್ಧೆಗಿಳಿದ ಭಾರತದ ಮೊದಲ ಮಹಿಳೆಯೆಂದು ಅವರ ಹೆಸರು ಪ್ರಸಿದ್ಧವಾಯಿತು. ಪದಕಗಳು ಅನ್ಯ ದೇಶಗಳ ಪಾಲಾದವು. ಆದರೆ ಅಲ್ಲಿಗೆ ಹೋಗುವ ಮುನ್ನ ಆ ಹುಡುಗಿ ಗೆದ್ದುದು ಬೇರೆಯೇ ಒಂದು ಪಂದ್ಯವನ್ನು. ಮೊದಮೊದಲು ಮನೆಯಲ್ಲಿ ಒಪ್ಪಿಗೆಯಿರಲಿಲ್ಲ. ಕಡಲಿನ ಅಪಾಯದ ಅಂಜಿಕೆ ಒಂದೆಡೆಯಾದರೆ, ಬಿಸಿಲಿಗೆ ಮೈ ಕಪ್ಪಾದೀತೆಂಬ ನೆರೆಹೊರೆಯವರ ಮಾತು ಇನ್ನೊಂದೆಡೆ. ಕಡಲ ಅಲೆಗಿಂತ ಈ ಮಾತಿನ ಅಲೆಯನ್ನು ದಾಟುವುದು ಹೆಣ್ಣುಮಕ್ಕಳಿಗೆ ಕಠಿಣ. ಹೆತ್ತವರು ಮನಸ್ಸು ಬದಲಿಸಿ ಒಪ್ಪಿಗೆ ಕೊಟ್ಟ ದಿನವೇ ಆ ಮಗಳ ಮೊದಲ ಗೆಲುವು ಎಂದು ನಾವು ತಿಳಿಯುತ್ತೇವೆ.

ಅದೇ 2016ರ ನವೆಂಬರ್‌ನಲ್ಲಿ ನಮ್ಮ ಹಾಸನದಲ್ಲಿ ಹುಟ್ಟಿದ ಸುಹಾಸ್ ಯತಿರಾಜ್ ಅವರು ಬೀಜಿಂಗ್‌ನಲ್ಲಿ ನಡೆದ ಏಷ್ಯಾ ಪ್ಯಾರಾ ಬ್ಯಾಡ್ಮಿಂಟನ್ ಸ್ಪರ್ಧೆಯಲ್ಲಿ ಚಿನ್ನದ ಪದಕ ಗೆದ್ದರು. ಆಗ ಅವರು ಉತ್ತರಪ್ರದೇಶದ ಆಜಂಗಢದ ಜಿಲ್ಲಾಧಿಕಾರಿ. ಹುಟ್ಟಿನಿಂದಲೇ ಕಾಲಿನಲ್ಲಿ ಊನವಿದ್ದರೂ ಮುಂದೆ ಟೋಕಿಯೊ, ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಬೆಳ್ಳಿ ಪದಕ ಪಡೆದರು. ಒಂದೇ ತಿಂಗಳಲ್ಲಿ ಕನ್ನಡ ನಾಡಿನ ಒಬ್ಬರು ಚಿನ್ನದೊಂದಿಗೆ ಮರಳಿದರು, ಇನ್ನೊಬ್ಬರು ಅನುಭವದೊಂದಿಗೆ ಮರಳಿದರು. ಮೊದಲ ಯತ್ನವನ್ನು ಫಲದಿಂದಷ್ಟೇ ತೂಗಬಾರದೆಂಬುದಕ್ಕೆ ಮೂಲ್ಕಿಯ ಕಡಲೇ ಸಾಕ್ಷಿ. 2024ರ ಮಾರ್ಚ್‌ನಲ್ಲಿ ಅಲ್ಲಿಯ ಸಸಿಹಿತ್ಲು ತೀರದಲ್ಲಿಯೇ ಈ ಹಲಗೆಯಾಟದ ಅಂತರರಾಷ್ಟ್ರೀಯ ಸ್ಪರ್ಧೆ ಭಾರತದಲ್ಲಿ ಮೊದಲ ಬಾರಿಗೆ ಜರುಗಿತು. ನಮ್ಮವರು ಹೊರಗೆ ಹೋಗಿ ಬಂದ ಎಂಟು ವರ್ಷಗಳೊಳಗೆ ಹೊರನಾಡಿನವರು ನಮ್ಮ ಬಾಗಿಲಿಗೆ ಬಂದರು.

ಹಾಗಾದರೆ ಹಾಸನ ಸೀಮೆಯ ಮನೆಗಳು ಮಾಡಬೇಕಾದುದೇನು? ಎಲ್ಲರ ಮಕ್ಕಳೂ ವಿಶ್ವಸ್ಪರ್ಧೆಗೆ ಹೋಗಬೇಕೆಂದು ನಾವು ಹೇಳುತ್ತಿಲ್ಲ. ಮೊದಲು ಈಜು ಕಲಿಸೋಣ. ನಾವು ಮಠದಲ್ಲಿ ಓದುತ್ತಿದ್ದ ಕಾಲಕ್ಕೆ ಹಿರಿಯ ವಿದ್ಯಾರ್ಥಿಗಳು ಕಿರಿಯರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಹೊಳೆಗಿಳಿಸುತ್ತಿದ್ದರು. ಒಬ್ಬರು ನೀರಿನಲ್ಲಿ, ಒಬ್ಬರು ದಡದಲ್ಲಿ ಕಾವಲಿರುತ್ತಿದ್ದರು. ವಿದ್ಯೆಯೊಂದಿಗೆ ಕಾವಲೂ ಇತ್ತು. ಇಂದು ಸೋರೆಬುರುಡೆಯ ಸ್ಥಾನಕ್ಕೆ ಲೈಫ್ ಜಾಕೆಟ್ ಬಂದಿದೆ. ಅದನ್ನು ತೊಡದೆ, ಬಲ್ಲವರ ಜೊತೆಯಿಲ್ಲದೆ, ಗೊರೂರಿನ ಹಿನ್ನೀರಿಗಾಗಲಿ ನಾಲೆಗಾಗಲಿ ಯಾವ ಮಗುವೂ ಇಳಿಯಕೂಡದು. ಮೇಲೆ ಶಾಂತವಾಗಿ ಕಾಣುವ ಹಿನ್ನೀರಿನ ಅಡಿಯಲ್ಲಿ ಕೆಸರೂ ಮರದ ಬೊಡ್ಡೆಗಳೂ ಇರಬಲ್ಲವು. ನಾಲೆಯ ಸೆಳೆತ ದಡದಲ್ಲಿ ನಿಂತವರಿಗೆ ತಿಳಿಯದು.

ಎರಡನೆಯದು ಇನ್ನೂ ಮುಖ್ಯವಾದುದು. ಮಗನೋ ಮಗಳೋ ಯಾವುದೇ ಆಟದಲ್ಲಿ ಮೊದಲ ಬಾರಿ ದೊಡ್ಡ ಕಣಕ್ಕೆ ಹೋಗಿ ಬಂದಾಗ ‘ಎಷ್ಟನೆಯ ಸ್ಥಾನ?’ ಎಂಬ ಪ್ರಶ್ನೆಯಿಂದ ಬರಮಾಡಿಕೊಳ್ಳದಿರೋಣ. ಅಲ್ಲಿ ಏನು ಕಂಡೆ, ಯಾರಿಂದ ಏನು ಕಲಿತೆ ಎಂದು ಕೇಳೋಣ. ಆ ಉತ್ತರವನ್ನು ಮನೆಮಂದಿ ಕೂಡಿ ಕುಳಿತು ಆಲಿಸಿದರೆ ಎರಡನೆಯ ಯತ್ನಕ್ಕೆ ಬೇಕಾದ ಬಲ ಮಗುವಿಗೆ ಆ ಜಗಲಿಯಲ್ಲಿಯೇ ದೊರೆಯುತ್ತದೆ. ಭಯವಿರುವ ಹಿರಿಯರು ದಡದಲ್ಲಿ ನಿಲ್ಲಲಿ. ಆದರೆ ಬೆನ್ನು ತಿರುಗಿಸಿ ನಿಲ್ಲದಿರಲಿ.